ರಸಮಟ್ಟದ ಅಣ್ಣ ಮಾಗಡಿಗೆ ಬಂದದ್ದು

ನನ್ನ ಅಣ್ಣನ ಪ್ರಕಾರ ದೇವರು ಸೃಷ್ಟಿಸಿದ ಈ ಭೂಮಿಯ ಮೇಲೆ ನೆಟ್ಟಗಿರುವುದು ಒಂದೇ ಒಂದು. ಅದು ಅವನು! ಗಾರೆಯವರು ಗೋಡೆಯ ಮಟ್ಟ ನೋಡುವ ರಸಮಟ್ಟ ಸದಾ ಅವನ ಚೀಲದಲ್ಲಿರುತ್ತದೆ. ವಿಜಯನಗರದ ನಮ್ಮ ಮನೆಗೆ ಬಂದವನು ಕಾಫಿಗೂ ಮೊದಲು ಅದನ್ನು ನಮ್ಮ ಅತ್ತೆಯ ಮಂಚದ ಮೇಲಿಟ್ಟು, "ತಲೆ ಕಡೆ ಕಾಲಿಂಚು ತಗ್ಗು" ಎಂದುಬಿಟ್ಟ. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. ಅತ್ತೆಗೆ ಇಲ್ಲದ ಮೇಲೆ ನನಗೆಲ್ಲಿಂದ ಬರಬೇಕು?

ಇಂಥವನನ್ನು ಮಾಗಡಿಗೆ ಕರೆದೊಯ್ಯದೆ ವಿಧಿಯಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅಲ್ಲಿನ ರಂಗನಾಥ ಕಣ್ಣು ಬಿಟ್ಟು ಕೊಟ್ಟ ಮಗು. ಮೊದಲ ಮುಡಿ ಅವನಿಗೇ ಎಂದು ನನ್ನ ಹರಕೆ. ನಮ್ಮಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂರದೆ ತಲೆಗೆ ಕತ್ತಿ ಸೋಕಿಸುವಂತಿಲ್ಲ. ಕಾರ್ತಿಕದ ಬುಧವಾರ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು.

ಅತ್ತೆಯೂ ಸೇರಿ ನಾವೆಲ್ಲ ಬಸ್ಸಿಳಿದಾಗ ಹತ್ತೂವರೆ. ದಾರಿಯಲ್ಲಿ ಮಗು ವಾಂತಿ ಮಾಡಿರಲಿಲ್ಲ, ಅಷ್ಟೇ ಪುಣ್ಯ. ತಿರುಗಿ ನೋಡಿದರೆ ಅಣ್ಣ ಇಲ್ಲ! ಅವನ ಮೊಬೈಲಿಗೆ ಕರೆ ಮಾಡಿದೆ. ಅದು ನನ್ನ ಬ್ಯಾಗಿನಲ್ಲೇ ಬಡಿದುಕೊಂಡಿತು. ಅವನ ಚೀಲದಲ್ಲಿ ಅದಕ್ಕೆಲ್ಲಿ ಜಾಗ! ಕೊನೆಗೆ ಸಿಕ್ಕಿದ್ದು ಹಳೆಯ ಕೋಟೆಯ ಬಳಿ, ಕಲ್ಲಿಗೆ ಕೆನ್ನೆ ಆನಿಸಿಕೊಂಡು.

"ಎಡಗಡೆ ವಾಲಿದೆ ಕಣೇ."

"ನೂರಾರು ವರ್ಷದಿಂದ ನಿಂತಿದೆ, ಇವತ್ತು ಮಧ್ಯಾಹ್ನ ಬೀಳಲ್ಲ. ನಡಿ ಅಣ್ಣ!"

ದೇವಸ್ಥಾನದ ದಾರಿಯಲ್ಲಿ ರಾಗಿ ತೆನೆದೂಗಿತ್ತು, ನಡುವೆ ಅವರೆ ಹೂ. ಕೈಮುಗಿಯುವಂಥ ನೋಟ. ಇವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದ.

"ಸಾಲು ಸೊಟ್ಟ ಇದೆಯಲ್ಲಮ್ಮ?"

ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ನಿಲ್ಲಿಸದೆ ಕೇಳಿದಳು, "ಸೊಟ್ಟ ಸಾಲಿನ್ ಮುದ್ದೆ ನಿಮ್ ಗಂಟ್ಲಲ್ಲಿ ಇಳಿಯಾಕಿಲ್ವಾ ಅಣ್ಣೋ?"

ಅತ್ತೆ ನಕ್ಕರು. ಮಂಚ ಅಳೆದ ಮೇಲೆ ಅದೇ ಮೊದಲು!

ಅಣ್ಣ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕ್ಷೌರಿಕನ ಮುಂದೆ ಕೂತಾಗ ಹನ್ನೆರಡಕ್ಕೆ ಹತ್ತೇ ನಿಮಿಷ. ತಲೆಗೆ ನೀರು ಬಿದ್ದದ್ದೇ ತಡ, ಮಗು ಕಿರುಚಿ ಕೊಸರಾಡಿತು.

"ಬಿಗಿಯಾಗಿ ಹಿಡ್ಕಳಿ ಸಾರ್. ಅಳ್ಳಾಡಿದ್ರೆ ಕತ್ತಿ ಗೀರ್ತದೆ."

ಅಣ್ಣ ಒಂದು ಕೈಯಲ್ಲಿ ಮಗುವಿನ ಎದೆ ತಬ್ಬಿ, ಇನ್ನೊಂದರಲ್ಲಿ ಗಲ್ಲ ಹಿಡಿದ. ಮಗು ಗಪ್‌ಚಿಪ್! ರಂಗನೇ ಸುಮ್ಮನಾಗಿಸಿದ ಎಂದು ನಾನು ಕಣ್ಣುಮುಚ್ಚಿ ಕೈಮುಗಿದೆ.

ಮುಡಿ ಮುಗಿದ ಮೇಲೆ ನೋಡುತ್ತೇನೆ, ಮಗುವಿನ ನಾಲ್ಕೂ ಹಲ್ಲು ಅಣ್ಣನ ಹೆಬ್ಬೆರಳಿನಲ್ಲಿ ನಾಟಿಕೊಂಡಿವೆ. ಅಂಗೈಯೆಲ್ಲ ಕೆಂಪು.

"ಅಯ್ಯೋ, ಬಾಯಿಬಿಟ್ಟು ಹೇಳಬಾರದಿತ್ತಾ ಅಣ್ಣ!"

ಅವನು ಬೆರಳು ಬಿಡಿಸಿಕೊಂಡು, ಮೆಲ್ಲಗೆ ಮಗುವಿನ ತುಟಿ ಸರಿಸಿ, ಒಳಗೆ ಇಣುಕುತ್ತಿದ್ದ.

"ನನ್ನ ಕೈ ಒರಟು ಕಣೇ. ಇವು ಹೊಸ ಹಲ್ಲು, ನೋವಾಯ್ತೇನೋ ಪಾಪ."