ಕಾಂತರಾಜನ ಎರಡನೆಯ ಆಲ್ಬಂ

ಮಾವನ ಕಿವಿಗೆ ಹತ್ತಿ ಇಟ್ಟದ್ದೇ ತಪ್ಪಾಯಿತು.

ಉರಿಗಾಂನ ಕಾಂತರಾಜನಿಗೆ ಅರವತ್ತೆರಡು ವರ್ಷ. ಅಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವನೂ ನಾಲ್ವರು ಗೆಳೆಯರೂ ಸೇರಿ ಒಂದು ಸ್ಕಾ ಬ್ಯಾಂಡು ಕಟ್ಟಿದ್ದರು. ಸ್ಕಾ ಎಂದರೆ ಜಮೈಕಾ ಕಡೆಯ ಕುಣಿತದ ಸಂಗೀತ. ಹೆಜ್ಜೆಗೂ ಹೆಜ್ಜೆಗೂ ನಡುವಿನ ಸಂದಿನಲ್ಲಿ ಗಿಟಾರು ಕುಕ್ಕುತ್ತದೆ, ಅದರ ಮೇಲೆ ಟ್ರಂಪೆಟ್ಟು ಕೂಗುತ್ತದೆ. ಕ್ಲಬ್ಬಿನಲ್ಲಿ ಜನ ಕುಣಿದರು, ಒಂದು ಕ್ಯಾಸೆಟ್ಟೂ ಬಂತು. ಗಣಿ ಮುಚ್ಚಿದ ಮೇಲೆ ಅವರನ್ನು ಕರೆಯುತ್ತಿದ್ದವರು ಸಾವಿನ ಮನೆಯವರು ಮಾತ್ರ. ಇಪ್ಪತ್ತು ವರ್ಷ ಹೆಣದ ಮುಂದೆ ಊದಿ ಊದಿ ಕಾಂತರಾಜನಿಗೆ ಸಾಕಾಗಿತ್ತು. ಹಲ್ಲು ಉದುರುವ ಮುಂಚೆ ಎರಡನೆಯ ಆಲ್ಬಂ ತರಬೇಕು, ಅದಕ್ಕೆ ಬದುಕಿದವರು ಕುಣಿಯಬೇಕು, ಆಮೇಲೆ ಸಾವಿನ ಮನೆ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಹಟ ತೊಟ್ಟಿದ್ದ.

ರೆಕಾರ್ಡಿಂಗಿಗೆ ಬಂಗಾರಪೇಟೆಯ ಮಾವನ ಮನೆಯೇ ಸರಿ ಅನ್ನಿಸಿತು. ಗೋಡೆ ಅಷ್ಟು ದಪ್ಪ. ರೆಕಾರ್ಡಿಂಗ್ ಮಾಡುವ ಚಿರಂಜೀವಿ ಮಾತ್ರ ಯಂತ್ರಗಳನ್ನು ಸಂಜೆಯ ರೈಲಿಗೆ ವಾಪಸು ಒಯ್ಯಬೇಕಿತ್ತು. ಎಂಬತ್ತೆಂಟರ ಮಾವ ಮುನಿಸ್ವಾಮಪ್ಪನವರಿಗೆ ಗಲಾಟೆ ತಟ್ಟದಿರಲೆಂದು ಕಾಂತರಾಜ ಅವರನ್ನು ಜಗುಲಿಯ ಮೇಲೆ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ನೊಣ ಕೂರದಂತೆ ಬಿಳಿ ಪಂಚೆ ಹೊದಿಸಿ, ಒಳಗೆ ಬಂದು ಬಾಗಿಲು ಹಾಕಿ ಟ್ರಂಪೆಟ್ಟು ಎತ್ತಿದ.

ಎದುರುಮನೆಯ ಮುನಿರತ್ನಮ್ಮ ಜಗುಲಿ ನೋಡಿದಳು, ಒಳಗಿನ ಬ್ಯಾಂಡು ಕೇಳಿದಳು. ಆ ಬ್ಯಾಂಡು ಎಂಥ ಮನೆಗೆ ಬರುತ್ತದೆಂದು ಆ ಬೀದಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೆಂಟರಿಗೆಲ್ಲ ಫೋನು ಮಾಡಿದಳು. ಮೂರನೆಯ ಹಾಡಿನ ಹೊತ್ತಿಗೆ ನೆಂಟರು ಬೇತಮಂಗಲದ ಬಸ್ಸಿಳಿದು ಅಳುತ್ತಾ ಬಂದರು. ಅಳುವೆಲ್ಲ ಮೈಕಿನೊಳಗೆ ಹೋಗುತ್ತಿದೆ ಎಂದು ಚಿರಂಜೀವಿ ಹಣೆ ಚಚ್ಚಿಕೊಂಡ.

ಕಾಂತರಾಜ ಹೊರಗೆ ಬಂದರೆ ಮಾವನ ಎದೆಯ ಮೇಲೆ ಆಗಲೇ ಮೂರು ಸೇವಂತಿಗೆ ಹಾರ.

"ಮಾವ ಸತ್ತಿಲ್ಲ ಕಣಕ್ಕಾ, ಮಲಗವ್ರೆ" ಅಂದ.

ಮುನಿರತ್ನಮ್ಮ ಅವನ ಬೆನ್ನು ಸವರಿದಳು. "ನಮ್ ಯಜಮಾನ್ರು ಓದಾಗ ನಾನೂ ಇಂಗೇ ಅಂತಿದ್ದೆ, ಅಳಿಯಂದ್ರೇ. ಅತ್ತುಬುಡಿ, ಅಗುರಾಯ್ತದೆ."

ಎಬ್ಬಿಸೋಣವೆಂದರೆ ಮಾವನದು ಕುಂಭಕರ್ಣನ ನಿದ್ದೆ. ಹೆಣ ಅಲುಗಾಡಿಸಬಾರದೆಂದು ನೆಂಟರು ಕಾಂತರಾಜನನ್ನೇ ಹಿಡಿದು ಕೂರಿಸಿದರು. ಕೊನೆಗೆ ಮುನಿರತ್ನಮ್ಮ ಬಾಯಿಗೆ ಹಾಲು ಬಿಟ್ಟಾಗ ಮುನಿಸ್ವಾಮಪ್ಪನವರು ಕಣ್ಣು ಬಿಟ್ಟು, "ಸಕ್ರೆ ಆಕಿಲ್ವೇನಮ್ಮಾ?" ಎಂದರು. ಅರ್ಧ ಜನ ಬೀದಿಗೆ ಓಡಿದರು.

ಅಷ್ಟರಲ್ಲಿ ಗಂಟೆ ನಾಲ್ಕಾಗಿತ್ತು. ಒಂದು ಹಾಡು ಉಳಿದಿತ್ತು, ಕಾಂತರಾಜ ಬಿಡುವ ಆಳಲ್ಲ. ಬಾಗಿಲು ತೆರೆಸಿ, ಮೈಕು ಜಗುಲಿಗೆ ತರಿಸಿ, ತುಟಿ ಊದಿಕೊಳ್ಳುವವರೆಗೆ ಊದಿದ. ಓಡಿದವರು ತಿರುಗಿ ಬಂದರು. ಸಾವಿಗೆ ಬಂದ ನೆಂಟರು ಸೆರಗು ಕಟ್ಟಿ ಕುಣಿದರು, ಮಾವ ಹಾರದ ಸಮೇತ ಕೂತು ತೊಡೆ ತಟ್ಟಿದರು. ಬದುಕಿದವರು ಕುಣಿಯುವುದನ್ನು ಕಂಡು ಕಾಂತರಾಜನಿಗೆ ಕಣ್ಣು ತುಂಬಿ ಬಂತು.

ಹಾಡು ಮುಗಿದದ್ದೇ ಸೀನಪ್ಪ ಬಂದು ಅವನ ಕೈ ಹಿಡಿದುಕೊಂಡ. ಸುತ್ತಮುತ್ತ ಯಾರು ಸತ್ತರೂ ಚಟ್ಟದಿಂದ ಬ್ಯಾಂಡಿನವರೆಗೆ ಎಲ್ಲ ಏರ್ಪಾಟು ಅವನದೇ. ಹಾಡನ್ನೆಲ್ಲ ತನ್ನ ಫೋನಿಗೆ ಹಾಕಿಕೊಡಿ ಎಂದು ಬೇಡಿದ. ಮೊದಲ ಅಭಿಮಾನಿ ಸಿಕ್ಕನೆಂದು ಹಿಗ್ಗಿ ಕಾಂತರಾಜ ಹಾಕಿಸಿಯೂ ಕೊಟ್ಟ.

"ಬೋ ಪಸಂದಾಗೈತೆ ಕಾಂತರಾಜಣ್ಣ" ಅಂದ ಸೀನಪ್ಪ. "ಇನ್ಮ್ಯಾಕೆ ಸಾವಿಗೆ ನಿಮ್ಮನ್ನ ಬಿಸ್ಲಲ್ಲಿ ನಡೆಸಲ್ಲ. ಆಟೋ ಮ್ಯಾಲೆ ಸ್ಪೀಕರ್ ಕಟ್ಟಿ ಇದ್ನೇ ಆಕ್ತೀನಿ."

ಗೆಳೆಯರು ನಾಲ್ವರೂ ಕಾಂತರಾಜನ ಮುಖ ನೋಡಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಜಗುಲಿಯಿಂದ ಮಾವ ಕೂಗಿದರು.

"ನಂಗೂ ಇದ್ನೇ ಆಕ್ಲಾ ಸೀನ. ಅಳಿಯಂದ್ರ ಬ್ಯಾಂಡ್ ಬ್ಯಾಡ."