ತೊಳೆದು ಕೊಟ್ಟ ಖಾಲಿ ಡಬ್ಬಿ

ದಾವಣಗೆರೆಯ ವಿನೋಬನಗರದ ಒಂದು ಓಣಿಯಲ್ಲಿ ಟೂತ್‌ಪೇಸ್ಟಿನ ಟ್ಯೂಬುಗಳಿಗೆ ಸುಖಮರಣ ತಪ್ಪಿ ಎರಡು ವರ್ಷವಾಗುತ್ತ ಬಂದಿತ್ತು. ಒತ್ತಿ ಒತ್ತಿ ಇನ್ನೇನೂ ಬರುವುದಿಲ್ಲ ಎಂದಾದ ಮೇಲೆ ಕತ್ತರಿಯಿಂದ ಹೊಟ್ಟೆ ಸೀಳಿ, ಒಳಗೆ ಅಂಟಿಕೊಂಡದ್ದನ್ನು ಬ್ರಷ್ಷಿನಿಂದ ಕೆರೆದು, ಮನೆಮಂದಿಯೆಲ್ಲ ಇನ್ನೂ ನಾಲ್ಕು ದಿನ ಹಲ್ಲುಜ್ಜಿದರೆ ಮಾತ್ರ ಅವಕ್ಕೆ ಮೋಕ್ಷ. ಇದು ಯೋಗರಾಜ್ ಮೇಷ್ಟ್ರು ಓಣಿಗೆ ಕೊಟ್ಟ ಮೊದಲನೇ ಸಲಹೆ.

ಯೋಗರಾಜ್ ಕೊಕ್ಕನೂರಿನವನು. ಅವನ ಮನೆತನದಲ್ಲಿ ಡಿಗ್ರಿ ಎಂಬುದು ಮೊದಲು ಕಾಲಿಟ್ಟದ್ದೇ ಅವನ ಜೊತೆಗೆ. ಈಗ ಪಿ.ಜೆ. ಬಡಾವಣೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸೀಮೆಸುಣ್ಣ ಉಗುರಿಗಿಂತ ಚಿಕ್ಕದಾಗಿ, ಬರೆಯುತ್ತಿರುವುದು ಸುಣ್ಣವೋ ಬೆರಳೋ ಎಂದು ಮಕ್ಕಳಿಗೆ ಅನುಮಾನ ಬರುವವರೆಗೂ ಬಿಸಾಡುವವನಲ್ಲ. ತಾನು ಬಲ್ಲದ್ದು ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು 'ಉಳಿತಾಯ ಓಣಿ' ಎಂಬ ವಾಟ್ಸಾಪ್ ಗ್ರೂಪ್ ಮಾಡಿ, ಹುಣ್ಣಿಮೆಗೊಂದು ಅಮಾವಾಸ್ಯೆಗೊಂದು ಸಲಹೆ ಹಾಕುತ್ತಿದ್ದ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಎಂಬುದು ಒಂದು. ಲುಂಗಿಯ ನಾಲ್ಕು ಅವತಾರ ಎಂಬುದು ಇನ್ನೊಂದು (ಲುಂಗಿ, ದಿಂಬಿನ ಕವರ್, ನೆಲ ಒರೆಸುವ ಬಟ್ಟೆ, ಕಡೆಗೆ ಸ್ಕೂಟರಿನ ಚಿಂದಿ). ನಗಬೇಡಿ, ಓಣಿಯವರು ಇದನ್ನೆಲ್ಲ ಶ್ರದ್ಧೆಯಿಂದ ಪಾಲಿಸುತ್ತಿದ್ದರು. ಪಕ್ಕದ ಮನೆಯ ಟೈಲರ್ ಫಜಲುಲ್ಲಾ ಅಂಗಡಿಯ ತುಂಡುಬಟ್ಟೆಗಳನ್ನು ಜೋಡಿಸಿ ಎಲ್ಲರ ಮನೆಗೂ ಸಂತೆಚೀಲ ಹೊಲಿದುಕೊಟ್ಟಿದ್ದ. ಎದುರುಮನೆಯ ಓಬವ್ವನಿಗೆ ಫೋನಿಲ್ಲ. ಆಕೆಗೆ ಫಜಲುಲ್ಲಾನ ಹೆಂಡತಿ ಸಿದ್ದೀಕಾ ಪ್ರತಿ ಸಲಹೆಯನ್ನೂ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದಳು.

ಹೀಗೆ ಸುಖವಾಗಿದ್ದ ಕಾಲದಲ್ಲಿ ಬಂದಿತು ನೋಡಿ ನಲವತ್ತೊಂದನೇ ಸಲಹೆ.

ಅದಕ್ಕೂ ಒಂದು ಹಿನ್ನೆಲೆಯಿದೆ. ಯೋಗರಾಜನ ಹೆಂಡತಿ ಸಹನಾಳಿಗೆ ಆಗ ಎರಡು ತಿಂಗಳು. ಮೂರು ತುಂಬುವತನಕ ಯಾರ ಹತ್ತಿರವೂ ಬಾಯಿ ಬಿಡಕೂಡದು ಎಂದು ಹರಿಹರದಿಂದ ಅವಳ ತಾಯಿಯ ಕಟ್ಟಪ್ಪಣೆಯಾಗಿದ್ದರಿಂದ ಗಂಡಹೆಂಡತಿ ಇಬ್ಬರೂ ಅದನ್ನು ರಾಜ್ಯರಹಸ್ಯದಂತೆ ಕಾಪಾಡುತ್ತಿದ್ದರು. ಬರುವ ಕೂಸಿಗೆಂದು ಈಗಿನಿಂದಲೇ ಉಳಿಸಬೇಕೆಂಬ ಹುರುಪು ಒಂದು ಕಡೆ, ಹೆಂಡತಿಗೆ ಆಯಾಸವಾಗಬಾರದೆಂಬ ಕಾಳಜಿ ಇನ್ನೊಂದು ಕಡೆ, ಎರಡೂ ಸೇರಿ ಯೋಗರಾಜನ ತಲೆ ಹಗಲಿಡೀ ಓಡುತ್ತಿತ್ತು. ಹಾಗೆ ಓಡುತ್ತಿದ್ದ ತಲೆ ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಗಕ್ಕನೆ ನಿಂತಿತು. ಸಹನಾ ಮೂಗಿಗೆ ಸೆರಗು ಕಟ್ಟಿಕೊಂಡು ಶೇಂಗಾ ಹುರಿಯುತ್ತಿದ್ದಳು.

"ಈ ಹೊತ್ತಲ್ಲಿ ಇದೇನು?"

"ಸಿದ್ದೀಕಾ ಆಪಾರ ಡಬ್ಬಿ ವಾಪಸ್ ಕೊಡ್ಬೇಕು. ಎರಡು ಉಂಡೆ ಕಟ್ಟಿ ಹಾಕ್ತೀನಿ."

"ತೊಳ್ದು ಹಂಗೇ ಕೊಟ್ರೆ ಆಗಲ್ವಾ?"

"ಖಾಲಿ ಡಬ್ಬಿನಾ? ಚಲೋ ಹೇಳ್ತೀರಿ ನೀವು! ಯಾರಾದ್ರೂ ಕೊಡ್ತಾರೇನು?"

ಯಾರೂ ಕೊಡುವುದಿಲ್ಲ, ನಿಜ. ನೆರೆಮನೆಯಿಂದ ಏನಾದರೂ ತುಂಬಿ ಬಂದ ಡಬ್ಬಿ ಬರಿದಾಗಿ ಹಿಂದಿರುಗಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಆದರೆ ಯೋಗರಾಜ್ ವಿಜ್ಞಾನದವನಲ್ಲವೇ? ಯೋಚಿಸಿದ. ಸಿದ್ದೀಕಾ ಖಿಚಡಿ ಕೊಡುತ್ತಾಳೆ, ಸಹನಾ ಉಂಡೆ ಹಾಕಿ ಕಳಿಸುತ್ತಾಳೆ. ಉಂಡೆ ಬಂತೆಂದು ಅವರು ಮತ್ತೆ ಪಾಯಸ ಕಳಿಸುತ್ತಾರೆ, ಪಾಯಸ ಬಂತೆಂದು ಇವರು ಚಕ್ಕುಲಿ ಕರಿಯುತ್ತಾರೆ. ಓಬವ್ವನದು ಬೇರೆ ಲೈನು. ಅದರಲ್ಲೂ ಈ ಎರಡು ವಾರದಿಂದ ಡಬ್ಬಿಗಳ ಓಡಾಟ ದಾವಣಗೆರೆ-ಹರಿಹರ ಬಸ್ಸಿನಂತಾಗಿತ್ತು, ಹತ್ತು ನಿಮಿಷಕ್ಕೊಂದು. ಅವರವರು ಮಾಡಿದ್ದನ್ನು ಅವರವರೇ ತಿಂದರೆ ಎಲ್ಲರ ಹೊಟ್ಟೆಯೂ ಅಷ್ಟೇ ತುಂಬುತ್ತದೆ, ಒಲೆ ಮಾತ್ರ ಅರ್ಧ ಉರಿಯುತ್ತದೆ! ಎರಡು ವರ್ಷ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಸಲಹೆ 41," ಎಂದು ಬರೆದ. "ನೆರೆಯವರ ಡಬ್ಬಿಯನ್ನು ತುಂಬಿ ಹಿಂದಿರುಗಿಸುವ ಪದ್ಧತಿಯಿಂದ ಇಂಧನ, ದಿನಸಿ ಹಾಗೂ ಗೃಹಿಣಿಯರ ಶ್ರಮ ವ್ಯರ್ಥವಾಗುತ್ತಿದೆ. ಇನ್ನು ಮುಂದೆ ಡಬ್ಬಿಯನ್ನು ಶುಭ್ರವಾಗಿ ತೊಳೆದು, ಒರೆಸಿ, ಖಾಲಿಯಾಗಿಯೇ ಹಿಂದಿರುಗಿಸೋಣ. ಈ ಸುಧಾರಣೆಯನ್ನು ನಮ್ಮ ಮನೆಯಿಂದಲೇ ಆರಂಭಿಸುತ್ತಿದ್ದೇನೆ."

ಆರಂಭಿಸಿಯೂ ಬಿಟ್ಟ. ಡಬ್ಬಿಯನ್ನು ತಾನೇ ತೊಳೆದು, ತಾನೇ ಒರೆಸಿ, ಪಕ್ಕದ ಬಾಗಿಲಿಗೆ ಹೋಗಿ ಕೊಟ್ಟ. ಸಿದ್ದೀಕಾ ಮುಚ್ಚಳ ತೆಗೆದು ಒಳಗೆ ನೋಡಿದಳು. ಆಮೇಲೆ ಇವನ ಮುಖ ನೋಡಿದಳು. "ಹೂಂ, ಆಯ್ತು ಮೇಷ್ಟ್ರೇ," ಎಂದು ಬಾಗಿಲು ಹಾಕಿಕೊಂಡಳು. ಗ್ರೂಪಿನಲ್ಲಿ ಹನ್ನೊಂದು ಹೆಬ್ಬೆರಳು ಬಿದ್ದವು. ಹೆಂಡತಿಯ ಹತ್ತಿರ ಬಂದು, "ನೋಡು, ನಿನ್ನ ಕೆಲಸ ಎಷ್ಟು ಕಮ್ಮಿ ಮಾಡಿದೆ," ಎಂದ. ಸಹನಾ ಅರೆಬರೆ ನಕ್ಕಳು.

ಸುಧಾರಣೆ ಯಶಸ್ವಿಯಾಯಿತು. ಎಷ್ಟೆಂದರೆ, ವಾರದೊಳಗೆ ಡಬ್ಬಿಗಳೇ ನಿಂತುಹೋದವು. ಖಾಲಿ ಡಬ್ಬಿ ಮನೆಗೆ ಬಂದವರು ಸುಮ್ಮಸುಮ್ಮನೆ ಮತ್ತೆ ತುಂಬಿ ಕಳಿಸುವುದಾದರೂ ಯಾಕೆ?

ಮೂರನೇ ವಾರ ಡಾಕ್ಟರ ಹತ್ತಿರ ಹೋಗುವುದಿತ್ತು. ಸಹನಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ ಡಾಕ್ಟರಮ್ಮ ಮುಖ ಗಂಟಿಕ್ಕಿದರು. ಎರಡೂವರೆ ಕೆಜಿ ಇಳಿದಿತ್ತು. ಅವರು ಹೊಸ ಚೀಟಿ ತೆಗೆಯುವಷ್ಟರಲ್ಲಿ ಯೋಗರಾಜ್ ಹಳೆಯದನ್ನು ಮುಂದೆ ಚಾಚಿ, "ಇದರ ಹಿಂದೆ ಖಾಲಿ ಐತೆ ಮೇಡಂ, ಇಲ್ಲೇ ಬರೀರಿ," ಎಂದ.

"ಚೀಟಿ ಉಳಿಸ್ರಿ, ಬ್ಯಾಡ ಅನ್ನಲ್ಲ. ಹೆಂಡ್ತಿ ಊಟ ಉಳಿಸ್ಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಇನ್ನೊಂದು ವಾರ ನೋಡ್ತೀನಿ. ಹಿಂಗೇ ಇದ್ರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕಾಗ್ತದೆ. ತಾಯಿ ತಿನ್ನದಿದ್ರೆ ಕೂಸಿಗೆ ಎಲ್ಲಿಂದ ಬರ್ಬೇಕು?"

ಮನೆಗೆ ಬಂದವನೇ ಯೋಗರಾಜ್ ಚಾಪೆಯ ಮೇಲೆ ಕುಸಿದ. "ದಿನಾ ಊಟ ಆಯ್ತು ಅಂತಿದ್ದೆಲ್ಲ?"

"ಆಯ್ತು ಅಂತಿದ್ದೆ. ಹೊಟ್ಟೆ ತುಂಬ ತಿಂದೆ ಅಂತ ಹೇಳಿದ್ನಾ?" ಸಹನಾ ಸೆರಗಿನ ಅಂಚು ತಿರುವುತ್ತ ಕೂತಳು. "ನಾನೇ ಮಾಡಿದ್ದು ನನಗೇ ಸೇರ್ತಿಲ್ಲ ರೀ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸ್ತದೆ. ಬೇರೆಯವರು ಬೇರೆ ಮನೇಲಿ ಮಾಡಿದ್ದಾದ್ರೆ ಒಳಗೆ ಹೋಗ್ತದೆ."

"ಮತ್ತೆ ಮೊದಲು ಏನು ತಿಂತಿದ್ದೆ?"

"ಆಪಾ ಡಬ್ಬಿ. ಓಬವ್ವನ ರೊಟ್ಟಿ."

ಯೋಗರಾಜ್ ನೆಟ್ಟಗೆ ಕೂತ. "ಇದನ್ನ ಅವತ್ತೇ ಯಾಕ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನನಗೋಸ್ಕರಾನೇ ಅಲ್ವಾ ನೀವು ಮಾಡಿದ್ದು? ಕೆಲಸ ಕಮ್ಮಿ ಮಾಡಿದೆ ಅಂತ ಅಷ್ಟು ಖುಷಿಯಾಗಿದ್ರಿ..."

ಇದಕ್ಕಿಂತ ನಾಲ್ಕು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಹರಿಹರದ ಅತ್ತೆಯನ್ನು ಕರೆಸೋಣವೆಂದರೆ ಅವರು ಕಾಲು ಉಳುಕಿ ಮಂಚ ಹಿಡಿದಿದ್ದರು. ಯೋಗರಾಜ್ ಬೆಣ್ಣೆದೋಸೆ ಕಟ್ಟಿಸಿ ತಂದ. ಪೊಟ್ಟಣ ಬಿಚ್ಚುವುದಕ್ಕೂ ಸಹನಾ ಬಚ್ಚಲ ಬಾಗಿಲು ಹಾಕಿಕೊಳ್ಳುವುದಕ್ಕೂ ಸರಿಹೋಯಿತು. ತಾನೇ ಸಾರು ಮಾಡಿದ. ಅವಳು ಬೀದಿ ಮೆಟ್ಟಿಲ ಮೇಲೆ ಹೋಗಿ ಕೂತಳು. ಹೋಗಿ ಕೇಳಿಬಿಡೋಣವೆಂದರೆ ರಾಜ್ಯರಹಸ್ಯ ಅಡ್ಡ. ಅದಕ್ಕಿಂತ ದೊಡ್ಡ ಅಡ್ಡ, ನಲವತ್ತೊಂದು ಸಲಹೆ ಕೊಟ್ಟ ಬಾಯಿಯಿಂದ ಅನ್ನ ಕೊಡಿ ಎಂದು ಕೇಳುವುದು ಹೇಗೆ?

ಆಗ ಹೊಳೆಯಿತು. ಡಬ್ಬಿ ಹೋದರೆ ತಾನೇ ಡಬ್ಬಿ ಬರುವುದು! ಮಂಡಕ್ಕಿ ಒಗ್ಗರಣೆ ಹಾಕಿ, ಎರಡು ಡಬ್ಬಿ ಗಿಡಿದು ತುಂಬಿ, ಒಂದನ್ನು ಸಿದ್ದೀಕಾಗೂ ಇನ್ನೊಂದನ್ನು ಓಬವ್ವನಿಗೂ ಕೊಟ್ಟುಬಂದು ಬಾಗಿಲಲ್ಲಿ ಕಾದು ಕೂತ.

ಒಂದು ಗಂಟೆಯಲ್ಲಿ ಡಬ್ಬಿಗಳು ಬಂದವು.

"ಮೇಷ್ಟ್ರೇ, ಒಳಗೆ ಮುಖ ನೋಡ್ಕೊಬೋದು, ಹಂಗೆ ತಿಕ್ಕೀವಿ ನೋಡ್ರಿ!" ಫಜಲುಲ್ಲಾ ಮುಚ್ಚಳ ತೆಗೆದು ತೋರಿಸಿದ. ಸೋಪಿನ ಘಮ ಬಂತು.

"ಒಂದು ಕಾಳು ಸೈತ ಇಟ್ಟಿಲ್ಲಪಾ. ನೀ ಹೇಳಿದ್ದು ನಾವು ಮೀರಾಕಿಲ್ಲ," ಎಂದು ಓಬವ್ವ ತನ್ನದನ್ನೂ ಅದರ ಮೇಲಿಟ್ಟಳು. ಇಷ್ಟು ವಿಧೇಯ ಶಿಷ್ಯರು ಅವನಿಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಒಳಗೆ ಸಹನಾ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಯೋಗರಾಜ್ ಅದನ್ನೊಮ್ಮೆ ನೋಡಿದ, ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ ನೋಡಿದ. ಚಪ್ಪಲಿ ಕೂಡ ಹಾಕಿಕೊಳ್ಳದೆ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ.

"ಬರ್ರಿ ಮೇಷ್ಟ್ರೇ, ಕೂಡ್ರಿ," ಫಜಲುಲ್ಲಾ ಮಷೀನು ನಿಲ್ಲಿಸಿದ. "ಏನದು, ನಮ್ಮ ಡಬ್ಬಿ ಉಳ್ಕೊಂಡಿತ್ತೇನ್ರಿ?"

"ಇಲ್ಲ, ಇದು ನಮ್ದು."

"ನಿಮ್ದಾದ್ರೆ ನಮಗ್ಯಾಕ ತಂದ್ರಿ?"

"ಖಾಲಿ ಐತೆ."

"ಅದು ಕಾಣ್ತೈತಲ್ರಿ."

ಯೋಗರಾಜ್ ಗಂಟಲು ಸರಿಮಾಡಿಕೊಂಡ. "ಅದೇನಂದ್ರೆ, ಸಲಹೆ ನಲವತ್ತೊಂದರ ಅನುಷ್ಠಾನದಲ್ಲಿ ಕೆಲವು ನ್ಯೂನತೆಗಳು..."

ಸಿದ್ದೀಕಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರಾಗ್ಬ್ಯಾಡ್ರಿ. ನಮ್ಮನೆ ಅಡುಗೆ ಬ್ಯಾಡ ಅಂತ ಸೀದಾ ಹೇಳಾಕೆ ಆಗ್ದೆ ಹಂಗೆ ಬರದ್ರೇನು? ಮೊದಲ್ನೇ ಖಾಲಿ ಡಬ್ಬಿ ಬಂದಿದ್ದು ನಮಗೇ ಅಲ್ವಾ?"

ಅವನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಇಲ್ಲಮ್ಮಾ, ಖಂಡಿತ ಹಂಗಲ್ಲ. ನನ್ನ ತಲೆಗೆ ಅದು ಹೊಳೀಲೇ ಇಲ್ಲ. ನಿಮ್ಮ ಖಿಚಡಿ ನಿಂತ ಮೇಲೆ ಸಹನಾ ಊಟಾನೇ ಮಾಡಿಲ್ಲ. ನಮ್ಮನೆ ಒಲೆ ಮೇಲೆ ಆಗಿದ್ದು ಯಾವುದೂ ಅವಳಿಗೆ ಸೇರ್ತಿಲ್ಲ. ಯಾಕಂದ್ರೆ ಅವಳು... ಅವಳಿಗೆ..."

ರಾಜ್ಯರಹಸ್ಯ ನಾಲಿಗೆಯ ತುದಿಯಲ್ಲಿ ಬಂದು ಸಿಕ್ಕಿಕೊಂಡಿತು.

"ಹೇಳ್ಬ್ಯಾಡ್ರಿ, ಹೇಳ್ಬ್ಯಾಡ್ರಿ," ಸಿದ್ದೀಕಾ ಕೈಯಾಡಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು, ತುಟಿ ಮಾತ್ರ ನಗುತ್ತಿತ್ತು. "ಮೂರು ತುಂಬಾಕೆ ಇನ್ನೊಂದು ನಾಲ್ಕು ದಿನ ಇರ್ಬೇಕು. ಆಮೇಲೆ ಹೇಳ್ರಿ. ಆವಾಗ ನಾವು, ಹೌದೇ! ಅಂತ ಬಾಯಿ ಮೇಲೆ ಕೈ ಇಟ್ಕೊಂತೀವಿ."

"ಗೊತ್ತಿತ್ತಾ ನಿಮಗೆ?"

"ಇಡೀ ಓಣಿಗೇ ಗೊತ್ತು," ಎಂದ ಫಜಲುಲ್ಲಾ ಸೂಜಿಗೆ ದಾರ ಪೋಣಿಸುತ್ತ.

ಗದ್ದಲ ಕೇಳಿ ಓಬವ್ವ ಬೀದಿ ದಾಟಿ ಬಂದಿದ್ದಳು. "ನಿನ್ನ ಹೆಂಡ್ತಿ ನನ್ನ ಕಟ್ಟೆ ಮ್ಯಾಲೆ ಕುಂತು ಹಸಿ ಹುಣಸೆಕಾಯಿ ಕಡ್ದಾಗ್ಲೇ ನನಗೆ ತಿಳೀತು. ಮತ್ತೆ ಆವಾಗ ಅಷ್ಟೊಂದು ಡಬ್ಬಿ ನಿಮ್ಮನಿಗೆ ಯಾಕ ಬರ್ತಿದ್ವು ಅನ್ಕೊಂಡಿದ್ಯಪಾ? ನಿನ್ನ ಮಾರಿ ನೋಡಾಕೆ?"

ಯೋಗರಾಜ್ ಅಲ್ಲೇ ನಿಂತು ಫೋನು ತೆಗೆದ. "ಸಲಹೆ 41 ತಪ್ಪು. ಕೊಟ್ಟವನದೂ ತಪ್ಪು. ದಯವಿಟ್ಟು ಯಾರೂ ಪಾಲಿಸಬೇಡಿ," ಎಂದು ಗ್ರೂಪಿಗೆ ಹಾಕಿದ. ಕಾಗುಣಿತ ಕೂಡ ಮತ್ತೊಮ್ಮೆ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಿದ್ದೀಕಾಳ ಖಿಚಡಿ ಬಂತು, ಜೊತೆಗೆ ಹುಣಸೆಹುಳಿಯ ಖಟ್ಟಾ. ಓಬವ್ವನ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ಓಣಿಯ ತುದಿಯ ಮನೆಯಿಂದ ಚೌಡೇಶ್ವರಿ ಮಜ್ಜಿಗೆಸಾರು ಕಳಿಸಿದಳು. ಸಹನಾ ಮೊದಲ ತುತ್ತು ಅನುಮಾನದಿಂದ ಬಾಯಿಗಿಟ್ಟಳು. ಎರಡನೆಯದಕ್ಕೆ ಅನುಮಾನ ಇರಲಿಲ್ಲ. ಮೂರನೆಯದಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದುರು ಕೂತ ಯೋಗರಾಜ್ ಅವಳ ಕೈ ತಟ್ಟೆಗೂ ಬಾಯಿಗೂ ಹೋಗಿಬರುವುದನ್ನೇ ನೋಡುತ್ತಿದ್ದ. ಲೋಕದಲ್ಲಿ ಇನ್ನೊಂದು ನೋಟ ಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ಆದರೆ ಬೆಳಿಗ್ಗೆಯಿಂದ ಅವನೂ ಏನೂ ತಿಂದಿರಲಿಲ್ಲ. ಖಟ್ಟಾದ ಕಡೆಗೆ ಮೆಲ್ಲಗೆ ಬೆರಳು ಚಾಚಿದ. ಅವಳು ಎಡಗೈಯಿಂದ ಫಟ್ಟನೆ ಹೊಡೆದಳು.

"ನನಗೆ ಬಂದಿದ್ದು ಇದು. ನೀವು ಹೋಗಿ ಒಲೆ ಹಚ್ಚಿ. ಮೂರು ಡಬ್ಬಿ ಅದಾವೆ, ಖಾಲಿ ಕೊಡ್ತೀರೇನು?"

"ಬಸುರಿ ಕೈಲಿ ಮಾಡಿಸ್ಬ್ಯಾಡ ಮತ್ತೆ!" ಬೀದಿಯಿಂದ ಓಬವ್ವನ ದನಿ ಬಂತು. "ನಿನ್ನ ಕೈಯಾಗೆ ಆಗಿದ್ದೇ ಬರ್ಬೇಕು!"

ಹೆಂಡತಿಗೆ ವಾಸನೆ ತಾಕಬಾರದೆಂದು ಯೋಗರಾಜ್ ಅಡುಗೆಮನೆಯ ಬಾಗಿಲು ಹಾಕಿ, ಸಂದಿಗೆ ಟವೆಲು ತುರುಕಿ, ಚಿತ್ರಾನ್ನಕ್ಕೆ ನಿಂತ. ಈ ಅಡುಗೆಮನೆಗೂ ಸಿದ್ದೀಕಾಳ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲೊಂದು ಕಿಂಡಿ. ಬಾಣಲೆಗೆ ಎಣ್ಣೆ ಬಿಟ್ಟ, ಸಾಸಿವೆ ಹಾಕಿದ. ಅದು ಎರಡು ಸಲ ಚಟ್ ಚಟ್ ಎಂದು ಸುಮ್ಮನಾಯಿತು.

"ಮೇಷ್ಟ್ರೇ," ಎಂದಿತು ಕಿಂಡಿ. "ಎಣ್ಣೆ ಸಾಲದು."

"ಅಲ್ಲಿಂದ ನಿಮಗೆ ಕಾಣ್ತದೇನಮ್ಮಾ?"

"ಕಾಣ್ಬೇಕ್ಯಾಕ್ರಿ? ಸಾಸಿವೆ ಅಳೋದು ಕೇಳ್ತೈತಲ್ಲ."

ಯೋಗರಾಜ್ ಒಂದು ಚಮಚ ಹಾಕಿ ಕಿವಿಗೊಟ್ಟ. ಕಿಂಡಿ ಮಾತಾಡಲಿಲ್ಲ. ಇನ್ನೊಂದು ಹಾಕಿದ. ಆಗಲೂ ಇಲ್ಲ. ಕಡೆಗೆ ಕಣ್ಣು ಮುಚ್ಚಿಕೊಂಡು ಎಣ್ಣೆಯ ಕ್ಯಾನನ್ನೇ ಬಗ್ಗಿಸಿದ. ಸಾಸಿವೆ ಚಟಪಟ ಸಿಡಿದು ಅವನ ಅಂಗಿಯ ಮೇಲೆಲ್ಲ ಹಾರಿತು.

"ಹಾಂ," ಎಂದಿತು ಕಿಂಡಿ, ತೃಪ್ತಿಯಿಂದ. "ಈಗ ಅನ್ನ ಹಾಕ್ರಿ."