ಒಂಬತ್ತು ನಂಬರಿನ ಚಪ್ಪಲಿ

ನನ್ನ ಸೋದರತ್ತೆ ದೇವರನ್ನು ನಂಬುತ್ತಾಳೆ. ಪ್ರಸಾದವನ್ನು ಮಾತ್ರ ಮೊದಲು ನನಗೆ ತಿನ್ನಿಸಿ, ಐದು ನಿಮಿಷ ಕಾದು ನೋಡುತ್ತಾಳೆ! ಸುಳ್ಳು ಎನಿಸಿದರೆ ಬಳ್ಳಾರಿಗೆ ಬಂದು, ಗುಡ್ಡದ ಬುಡದ ನಮ್ಮ ಬಡಾವಣೆಯಲ್ಲಿ ಯಾರನ್ನಾದರೂ ಕೇಳಿ. ಮೆಲ್ಲಗೆ ಕೇಳಿ. ಕಿಟಕಿಯ ಹಿಂದೆ ಆಕೆ ಇರುತ್ತಾಳೆ.

ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಒಂಬತ್ತು ನಂಬರಿನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದ್ದವು. ಪ್ರೀತಿ ಎಂದುಕೊಂಡಿರಾ?

"ಒಬ್ಬಾಕಿ ಅದೀನಿ ಅಂತ ಕಳ್ಳರಿಗೆ ಗೊತ್ತಾಗಬಾರ್ದಲೇ. ಒಳಗ ಗಂಡಸು ಅದಾನ ಅನ್ಕೋಬೇಕು!"

ಬೆಳಿಗ್ಗೆ ಚಪ್ಪಲಿಯ ಮೂತಿ ಹೊರಗೆ, ಮಾವ ಹೊರಟಂತೆ. ಸಂಜೆ ಒಳಗೆ, ಬಂದಂತೆ. ಮಳೆ ಬಂದ ದಿನ ತಾನೇ ಒಂದಿಷ್ಟು ಕೆಸರನ್ನೂ ಮೆತ್ತುತ್ತಿದ್ದಳು!

ಒಂದು ಬೆಳಿಗ್ಗೆ ಎಡಗಾಲಿನದು ಮಾಯ.

ಮೊದಲು ಸಿಕ್ಕವನು ಹಾಲಿನವನು. "ನಿನ್ನ ಕಾಲು ತೋರ್ಸಪಾ."

"ನಂದು ಏಳು ನಂಬರ್ರಿ ಅಮ್ಮಾ! ಅದೂ ಒಂದ ಯಾಕ ಒಯ್ಲಿ?"

"ಇನ್ನೊಂದು ನಾಳಿಗೆ ಒಯ್ಯಾಕ!"

ಆಮೇಲೆ ನಾನು. ನನ್ನ ಸ್ಕೂಟರಿನ ಡಿಕ್ಕಿ ತೆರೆಸಿ ನೋಡಿದಳು. ಕೊನೆಗೆ ಸರದಿ ಪಾರ್ಕಿನಲ್ಲಿ ಓಡಾಡುವ ಕೆಂಚು ಬೆಕ್ಕಿನದು. ಅದು ಅತ್ತೆಯನ್ನು ಕಂಡು ಕಣ್ಣು ಮುಚ್ಚಿತಂತೆ. "ತಪ್ಪು ಮಾಡಿದೋರ ಹಂಗ ಕಣ್ ಮುಚ್ಚೋದು. ನಡಿ, ಬೆನ್ನು ಹತ್ತೋಣು!"

ಸಂಜೆ ಬೆಕ್ಕು ಮುಂದೆ, ಅತ್ತೆ ಹಿಂದೆ, ಮಾನ ಕೈಯಲ್ಲಿ ಹಿಡಿದುಕೊಂಡು ನಾನು. ಪಾರ್ಕಿನ ಮೂಲೆಯ ಬಂಡೆಗಳ ಹತ್ತಿರ ಅದು ಕೂತಿತು. ಬಂಡೆ ಕೆಳಗಿನ ಬಿಲದಿಂದ ನರಿಯೊಂದು ತಲೆ ಹೊರಗೆ ಹಾಕಿತು! ಇನ್ನೇನು ಕಾಳಗ ಎಂದುಕೊಂಡೆ. ಬೆಕ್ಕು ಆಕಳಿಸಿತು. ನರಿ ಓರೆಗಣ್ಣಲ್ಲಿ ನೋಡಿ ಸುಮ್ಮನಾಯಿತು, ಥೇಟ್ ನಮ್ಮ ಓಣಿಯವರ ಹಾಗೆ.

"ಇಬ್ರೂ ಪಾಲುದಾರ್ರು!" ಅತ್ತೆ ಪಿಸುಗುಟ್ಟಿದಳು.

ಬಿಲದ ಬಾಯಲ್ಲೇ ಮಾವನ ಚಪ್ಪಲಿ. ಅದರ ಮೇಲೆ ಒಂದು ಮರಿ ಮಲಗಿತ್ತು. ಇನ್ನೆರಡು ಪಟ್ಟಿ ಕಚ್ಚಿ ಎಳೆಯುತ್ತಿದ್ದವು.

ನಾನು ಕಲ್ಲು ಎತ್ತಿಕೊಂಡೆ. ಅತ್ತೆ ಕೈ ಹಿಡಿದಳು.

"ಗಂಡು ನರಿ ಎಲ್ಲೈತಿ?"

"ಹೋದ ವಾರ ಸಿರುಗುಪ್ಪ ರೋಡಿನ್ಯಾಗ ಲಾರಿ ಬಡ್ದು ಒಂದು ಸತ್ತಿತ್ತಲ್ಲ ಅತ್ತಿ, ಅದ ಇರ್ಬೇಕು."

ಅತ್ತೆ ಮನೆಗೆ ಹೋಗಿ ಬಲಗಾಲಿನ ಚಪ್ಪಲಿಯನ್ನೂ ಹಿಡಿದು ಬಂದಳು. ಆಕೆಯನ್ನು ಕಂಡು ನರಿ, ಮರಿಗಳೆಲ್ಲ ಬಿಲದೊಳಗೆ ಸರಿದವು. ಅತ್ತೆ ಎರಡೂ ಚಪ್ಪಲಿ ಜೋಡಿಸಿ, ಬಿಲದ ಬಾಗಿಲಲ್ಲಿ ಇಟ್ಟಳು. ಮೂತಿ ಒಳಗೆ. ಸಂಜೆಯಾಗಿತ್ತಲ್ಲ.

"ಅಕಿನೂ ಒಬ್ಬಾಕಿ ಅದಾಳಲೇ," ಅಂದಳು. "ಒಳಗ ಗಂಡಸು ಅದಾನ ಅನ್ಕೊಳ್ಳಿ."